ನೇಮಣ್ಣ ನಡೆಸಿದ ಟೂರ್ನಮೆಂಟು

ಹತ್ತರಗಿಯಲ್ಲಿ ಹೆದ್ದಾರಿಗೆ ಹತ್ತಿಕೊಂಡಿದ್ದ ತನ್ನ ಹೊಲದೊಳಗೆ ನೇಮಣ್ಣ ಗಾಜಿನ ಗೋಡೆ ಎಬ್ಬಿಸಿದಾಗ ಊರು ಅದನ್ನು ಮೊದಲು ಕಾರಿನ ಶೋರೂಮು ಎಂದುಕೊಂಡಿತು. ಆಮೇಲೆ ಮದುವೆಯ ಹಾಲ್ ಎಂದಿತು. ಮೇಲೆ ಮಾಡು ಹಾಕದೆಯೇ ಕೆಲಸದವರು ಗಂಟುಮೂಟೆ ಕಟ್ಟಿಕೊಂಡು ಹೋದಾಗ, ಪಾಪ, ಹೆಂಡತಿ ಹೋದ ಮೇಲೆ ಮನುಷ್ಯನ ತಲೆ ನೆಟ್ಟಗಿಲ್ಲ ಎಂದು ತೀರ್ಮಾನಿಸಿತು. ಊರಿನ ತೀರ್ಮಾನ ಅರ್ಧ ಸರಿಯಾಗಿಯೇ ಇತ್ತು.

ಹೆಂಡತಿ ಹೋದಳು ಎಂದರೆ ಸತ್ತಳೆಂದಲ್ಲ, ಜಗಳವಾಡಿ ತವರಿಗೆ ಹೋದಳೆಂದೂ ಅಲ್ಲ. ಅವಳು ದೀಕ್ಷೆ ತೆಗೆದುಕೊಂಡಿದ್ದಳು. ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಂಡು, ಬಿಳಿ ಸೀರೆ ಉಟ್ಟು, ನವಿಲುಗರಿಯ ಪಿಂಛಿ ಹಿಡಿದು, ಸನ್ಯಾಸಿನಿಯರ ಸಂಘದ ಮಾತಾಜಿಗಳ ಹಿಂದೆ ಬರಿಗಾಲಲ್ಲಿ ನಡೆದುಬಿಟ್ಟಿದ್ದಳು. ಜೈನ ಮನೆತನಕ್ಕೆ ಅದಕ್ಕಿಂತ ದೊಡ್ಡ ಗೌರವವಿಲ್ಲ. ಗಂಡ ಒಪ್ಪಬೇಕು, ನೇಮಣ್ಣ ಒಪ್ಪಿದ್ದ. ಸಮಾಜದವರು ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಪುಣ್ಯವಂತ ಎಂದರು. ಶಾಲು ಹೊದ್ದುಕೊಂಡವನು ಅಳುವುದು ಹೇಗೆ? ಹೆಂಡತಿ ಸತ್ತವನ ಮನೆಗೆ ಬಂದು ಹೇಳುವ ಮಾತುಗಳು ಎಲ್ಲರ ಬಾಯಲ್ಲೂ ಇರುತ್ತವೆ. ಹೆಂಡತಿ ಮಾತಾಜಿಯಾದವನಿಗೆ ಏನು ಹೇಳಬೇಕೋ ಯಾರಿಗೂ ತಿಳಿಯಲಿಲ್ಲ. ಎದುರಿಗೆ ಸಿಕ್ಕರೆ ಕೈ ಮುಗಿದು ದಾಟಿ ಹೋಗುತ್ತಿದ್ದರು. ಹೀಗೆ ಎಲ್ಲರಿಂದಲೂ ಕೈ ಮುಗಿಸಿಕೊಳ್ಳುತ್ತ ನೇಮಣ್ಣ ಮಾತಾಡುವವರಿಲ್ಲದವನಾದ.

ಮನೆಯಲ್ಲಿ ಉಳಿದವಳು ಮಗಳು ಮಯೂರಿ. ಆಗ ಹನ್ನೊಂದರ ಹುಡುಗಿ. ತಾಯಿ ಹೋದ ದಿನ ಅವಳು ಅಳಲಿಲ್ಲ, ಆಮೇಲೂ ಅಳಲಿಲ್ಲ, ಮಾತನ್ನೇ ಕಡಿಮೆ ಮಾಡಿದಳು. ಊಟ ಆಯಿತೇ ಎಂದರೆ ಆಯಿತು, ಸಾಲಿ ಹೆಂಗಿತ್ತು ಎಂದರೆ ಚಲೋ ಇತ್ತು. ಅಪ್ಪ ಮಗಳು ಒಂದೇ ಮನೆಯಲ್ಲಿ ಎರಡು ಬಾಡಿಗೆದಾರರ ಹಾಗೆ ಇದ್ದರು. ಒಮ್ಮೆ ಪುಣೆಯಲ್ಲಿ ನೆಂಟರ ಮನೆಗೆ ಹೋದಾಗ, ಅವರ ವಸತಿಯ ಹಿಂದೆ ಗಾಜಿನ ಅಂಗಳದಲ್ಲಿ ಮಕ್ಕಳು ಟೆನಿಸ್ಸಿನಂಥದೇ ಪ್ಯಾಡೆಲ್ ಎಂಬ ಆಟ ಆಡುತ್ತಿದ್ದರು. ಯಾರೋ ಮಯೂರಿಯ ಕೈಗೂ ಒಂದು ತೂತಿನ ಬ್ಯಾಟು ಕೊಟ್ಟರು. ಅರ್ಧ ತಾಸಿನಲ್ಲಿ ಅವಳು ಕಿರುಚಿದಳು, ಬಿದ್ದಳು, ನಕ್ಕಳು. ಹೊರಗೆ ನಿಂತಿದ್ದ ನೇಮಣ್ಣ ಆ ನಗು ಕೇಳಿದ. ಊರಿಗೆ ಬಂದವನೇ ಕಬ್ಬು ಕಡಿಸಿದ ಹೊಲದಲ್ಲಿ ಬುನಾದಿ ತೋಡಿಸಿದ.

ಒಂದು ಸಣ್ಣ ಸಂಗತಿಯನ್ನು ಮಾತ್ರ ಅವನು ಯೋಚಿಸಿರಲಿಲ್ಲ. ಪ್ಯಾಡೆಲ್ ಆಟವನ್ನು ಆ ಕಡೆ ಇಬ್ಬರು, ಈ ಕಡೆ ಇಬ್ಬರು ಸೇರಿ ಆಡಬೇಕು. ಮನೆಯಲ್ಲಿದ್ದವರು ಇಬ್ಬರೇ, ಅದರಲ್ಲೊಬ್ಬನಿಗೆ ಮಂಡಿನೋವು. ಹೊಸ ಅಂಗಳದಲ್ಲಿ ಮಯೂರಿ ಒಬ್ಬಳೇ ಗಾಜಿಗೆ ಚೆಂಡು ಹೊಡೆಯುತ್ತಿದ್ದಳು, ಗಾಜು ಅದನ್ನು ಅವಳಿಗೇ ವಾಪಸು ಕೊಡುತ್ತಿತ್ತು. ಅದನ್ನು ನೋಡಲಾರದೆ ನೇಮಣ್ಣ ಮನೆಯೊಳಗೆ ಹೋಗಿ ಕೂರುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಹೊರಟಿದ್ದ ಒಬ್ಬಾತ ಬೈಕು ನಿಲ್ಲಿಸಿ ಒಳಗೆ ಬಂದ. ಮಸಗುಪ್ಪಿಯ ಹೈಸ್ಕೂಲಿನ ಪಿ.ಟಿ. ಮಾಸ್ತರ, ಹೆಸರು ಅರ್ಜುನ. ಅವನು ಕೈ ಮುಗಿಯಲಿಲ್ಲ.

"ಇದರಾಗ ಏನ ಆಡ್ತಾರ್ರಿ?" ಎಂದು ಕೇಳಿದ.

ನೇಮಣ್ಣ ಹೇಳಿದ. ಚೆಂಡು ನೆಲಕ್ಕೆ ಒಮ್ಮೆ ಪುಟಿದು ಹಿಂದಿನ ಗಾಜಿಗೆ ಬಡಿದರೂ ಆಡಬಹುದು ಎಂದಾಗ ಅರ್ಜುನನ ಕಣ್ಣು ಅಗಲವಾದವು.

"ಅಂದ್ರ ತಪ್ಪಿಹೋದ ಚೆಂಡೂ ಮತ್ತ ಕೈಗೆ ಬರ್ತದ ಅನ್ರಿ. ನಮ್ಮ ಹುಡುಗರಿಗೆ ಚಲೋ ಆಟ ಬಿಡ್ರಿ ಇದು."

ಮುಂದಿನ ಭಾನುವಾರ ಟೆಂಪೋದಲ್ಲಿ ಮಕ್ಕಳನ್ನು ತುಂಬಿಕೊಂಡು ಬಂದ. ಅವರಲ್ಲಿ ಅವನ ಮಗಳು ದೀಪಾ ಇದ್ದಳು, ಮಯೂರಿಯ ವಯಸ್ಸಿನವಳೇ, ಎಡಗೈ ಆಟ, ಬಾಯಿ ಸುಮ್ಮನಿರದ ಹುಡುಗಿ. ಬಂದ ದಿನವೇ ಮಯೂರಿಯ ಬಲಗಡೆ ನಿಂತು, "ನಡುವಿನ ಚೆಂಡು ನಂದು, ಉಳದದ್ದೆಲ್ಲಾ ನಿಂದು," ಎಂದು ಹಂಚಿಕೊಂಡಳು. ಆ ಜೋಡಿ ಮತ್ತೆ ಬದಲಾಗಲಿಲ್ಲ. ಅರ್ಜುನನ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅಂಬೇಡ್ಕರರ ಪಟವಿತ್ತು. ನೇಮಣ್ಣ ಅಲ್ಲಿ ಹೋಗಿ ಊಟ ಮಾಡಿ ಬಂದಿದ್ದ, ಅರ್ಜುನ ಇಲ್ಲಿ ಅಡುಗೆಮನೆಗೇ ಬಂದು ಕೂರುತ್ತಿದ್ದ. ಭಾನುವಾರದ ಸಂಜೆ ಮಕ್ಕಳು ಆಡುವಾಗ ಇಬ್ಬರೂ ಸಿಮೆಂಟಿನ ಕಟ್ಟೆಯ ಮೇಲೆ ಕೂತು ಅದೂ ಇದೂ ಮಾತಾಡುತ್ತಿದ್ದರು. ಎರಡು ವರ್ಷದಲ್ಲಿ ನೇಮಣ್ಣನಿಗೆ ಸಿಕ್ಕ ಒಬ್ಬನೇ ಗೆಳೆಯ ಅವನು.

ಟೂರ್ನಮೆಂಟು ಮಾಡೋಣ ಎಂದವನೂ ಅವನೇ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಮಕ್ಕಳು, ಜನವರಿಯ ಒಂದು ಭಾನುವಾರ. ಹೇಳುವುದು ಸಲೀಸು. ಹುಕ್ಕೇರಿಯ ಒಬ್ಬ ಮುಖ್ಯೋಪಾಧ್ಯಾಯರು ಇಲಾಖೆಯಿಂದ ಆದೇಶ ಬಂದಿಲ್ಲದ ಆಟವನ್ನು ಮಕ್ಕಳು ಹೇಗೆ ಆಡುತ್ತಾರೆ ಎಂದರು. ಗೋಕಾಕದ ಒಬ್ಬ ತಂದೆ ತನ್ನ ಮಗ ಯಾರ ಜೊತೆಗೂ ಆಡುವುದಿಲ್ಲ, ಒಬ್ಬನೇ ಆಡಿ ಗೆಲ್ಲುತ್ತಾನೆ ಎಂದು ಹಟ ಹಿಡಿದ. ದಡ್ಡಿ ಎಂಬ ಊರಿನಿಂದ ಬಂದವನೊಬ್ಬ ಹದಿನಾಲ್ಕರೊಳಗಿನ ಆಟಕ್ಕೆ ಮೀಸೆ ಚಿಗುರಿದ ಹುಡುಗನನ್ನು ತಂದು ನಿಲ್ಲಿಸಿ, "ನಮ್ಮ ಮನಿತನದಾಗ ಮೀಸಿ ಲಗೂನ ಬರ್ತಾವ್ರಿ," ಎಂದ. ಬ್ಯಾಟುಗಳು ಸಾಲದೆ ಆಡಿದವರು ಆಡುವವರಿಗೆ ಕೊಡುವ ಏರ್ಪಾಡಾಯಿತು. ನೇಮಣ್ಣ ದಿನವಿಡೀ ಫೋನು ಕಿವಿಗೆ ಹಚ್ಚಿಕೊಂಡೇ ಇದ್ದ. ಇಷ್ಟೊಂದು ಜನ ತನ್ನೊಡನೆ ಜಗಳವಾಡುತ್ತಿರುವುದು ಅವನಿಗೆ ಹಿತವಾಗಿತ್ತು.

ಎಲ್ಲವೂ ಗೊತ್ತಾಗಿ ಬ್ಯಾನರು ಕಟ್ಟಿದ ಮೇಲೆ ಬಸದಿಯಿಂದ ಸುದ್ದಿ ಬಂತು. ನಿಪ್ಪಾಣಿಯ ಕಡೆಯಿಂದ ಮಾತಾಜಿಗಳ ಸಂಘ ಬೆಳಗಾವಿಗೆ ನಡೆದು ಹೊರಟಿದೆ, ಅದೇ ಭಾನುವಾರ ಹತ್ತರಗಿಯಲ್ಲಿ ಆಹಾರ. ಸಂಘದಲ್ಲಿ ಅವಳೂ ಇದ್ದಳು. ಅವಳ ಹೊಸ ಹೆಸರು ನೇಮಣ್ಣನ ನಾಲಿಗೆಗೆ ಇನ್ನೂ ಒಗ್ಗಿರಲಿಲ್ಲ, ಹಳೆಯದನ್ನು ಹೇಳುವಂತಿರಲಿಲ್ಲ. ಅದಕ್ಕೇ ಮನಸ್ಸಿನಲ್ಲೂ ಅವಳು ಅವನಿಗೆ ಬರೀ 'ಅವಳು'.

ಮಾತಾಜಿಗಳು ದಿನಕ್ಕೆ ಒಂದೇ ಸಲ ಉಣ್ಣುತ್ತಾರೆ, ಅದೂ ಯಾರ ಮನೆಯಲ್ಲೆಂದು ಮೊದಲೇ ಗೊತ್ತಿರುವುದಿಲ್ಲ. ಶ್ರಾವಕರು, ಅಂದರೆ ಸಂಸಾರಸ್ಥ ಜೈನರು, ಶುದ್ಧ ನೀರಿನಲ್ಲಿ ಶುದ್ಧ ಅಡುಗೆ ಮಾಡಿ, ಸ್ನಾನ ಮಾಡಿ, ಮಡಿ ಉಟ್ಟು, ಕಳಶ ಹಿಡಿದು ತಮ್ಮ ತಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ಇದಕ್ಕೆ ಚೌಕಾ ಹಾಕುವುದು ಎನ್ನುತ್ತಾರೆ. ಮಾತಾಜಿ ಆ ದಿನ ಮನಸ್ಸಿನಲ್ಲಿ ಯಾವುದೋ ಒಂದು ಗುರುತು ನೆನೆದುಕೊಂಡು ಹೊರಟಿರುತ್ತಾರೆ. ಅದು ಯಾರ ಬಾಗಿಲಲ್ಲಿ ಕಂಡಿತೋ ಅಲ್ಲಿ ನಿಲ್ಲುತ್ತಾರೆ. ಎಲ್ಲಿಯೂ ಕಾಣದಿದ್ದರೆ ಅಂದು ಉಪವಾಸ. ಮಡಿಯಲ್ಲಿ ನಿಂತವನು ಹೊರಗಿನವರನ್ನು ಮುಟ್ಟಿದರೆ ಮುಗಿಯಿತು, ಆಹಾರ ಕೊಡುವ ಹಾಗಿಲ್ಲ.

ನೇಮಣ್ಣನಿಗೆ ಬೇಕಾಗಿದ್ದು ಒಂದೇ ಒಂದು. ಅವಳು ತನ್ನ ಬಾಗಿಲಲ್ಲಿ ನಿಲ್ಲಬೇಕು, ತನ್ನ ಕೈಯಿಂದ ಒಂದು ತುತ್ತು ಅವಳ ಅಂಗೈಗೆ ಬೀಳಬೇಕು. ಅದರಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಎರಡು ವರ್ಷದಿಂದ ಒಬ್ಬನೇ ಉಂಡವನಿಗೆ ಆ ಒಂದು ತುತ್ತಿನ ಹಂಬಲ ಹೊಟ್ಟೆಯೊಳಗೇ ಕೂತುಬಿಟ್ಟಿತ್ತು. ಟೂರ್ನಮೆಂಟು ಮುಂದೂಡಲು ಅವನು ಒಪ್ಪಲಿಲ್ಲ. ಆಹಾರದ ಹೊತ್ತು ಹತ್ತರ ಸುಮಾರಿಗೆ, ಫೈನಲ್ಲನ್ನು ಮಧ್ಯಾಹ್ನಕ್ಕೆ ಹಾಕಿದರೆ ಎರಡೂ ಆಯಿತು ಎಂದು ಲೆಕ್ಕ ಹಾಕಿದ. ಚೌಕಾ ನೋಡಿಕೊಳ್ಳಲು ಹುಕ್ಕೇರಿಯಿಂದ ಅಕ್ಕ ಜಿನ್ನವ್ವನನ್ನು ಕರೆಸಿದ.

ಹಿಂದಿನ ಸಂಜೆ ಮಗಳನ್ನು ಕೇಳಿದ. "ನನ್ನ ಬಾಜೂಕ ನೀನೂ ಮಡಿಲೆ ನಿಲ್ತಿಯೇನು?"

"ಇಲ್ಲ."

"ಯಾಕವ್ವಾ?"

"ಅವರು ಯಾರಿಗೂ ಅವ್ವ ಅಲ್ಲಾ, ಎಲ್ಲಾರಿಗೂ ಮಾತಾಜಿ ಅಂತ ನೀನ ಹೇಳಿದ್ದಿ. ಎಲ್ಲಾರೂ ನಿಲ್ತಾರಲ್ಲ, ಸಾಕು." ಮತ್ತೆ ಅವಳೇ ಕೇಳಿದಳು. "ನಾವು ಫೈನಲ್ಲಿಗೆ ಬಂದ್ರ ನೀ ನೋಡಾಕ ಬರ್ತಿ?"

"ಗಾಜಿಗೆ ಮೂಗ ಹಚ್ಚಿ ನಿಂತಿರ್ತೇನಿ."

"ಖರೇನ?"

"ಖರೆ."

ಆಗ ಅವಳು ಸಣ್ಣಗೆ ನಕ್ಕಳು. ತಾಯಿ ಹೋದ ಮೇಲೆ ಆ ಮನೆಯೊಳಗೆ ಅವಳು ನಕ್ಕದ್ದು ಅದೇ ಮೊದಲು, ಅದನ್ನು ಕೇಳಿದ ನೇಮಣ್ಣನಿಗೆ ಅಂದು ಸುಖವಾಗಿ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಟೆಂಪೋಗಳು ಬಂದವು. ಚಳಿಗೆ ಸ್ವೆಟರು ಹಾಕಿಕೊಂಡ ಮಕ್ಕಳು ಅವಲಕ್ಕಿ ತಿಂದು, ಗಾಜಿನ ಮೇಲೆ ಉಸಿರು ಬಿಟ್ಟು ತಮ್ಮ ತಮ್ಮ ಹೆಸರು ಬರೆದರು. ಅರ್ಜುನ ಸೀಟಿ ಊದಿದ. ನೇಮಣ್ಣ ಮೊದಲ ಚೆಂಡು ಹೊಡೆದ, ಅದು ನೆಟ್ಟಿಗೆ ಬಡಿದು ಅಲ್ಲೇ ಕುಳಿತಿತು, ಮಕ್ಕಳೆಲ್ಲ ಹೋ ಎಂದರು. ಎರಡು ಆಟ ನೋಡಿ ಅವನು ಮನೆಗೆ ಬಂದು ಸ್ನಾನ ಮಾಡಿ, ಬಿಳಿ ಧೋತರ ಉಟ್ಟು, ಕಳಶದ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬಾಗಿಲಿಗೆ ನಿಂತ. ಹಿಂದೆ ಜಿನ್ನವ್ವ ನಿಂತಳು. ಬಾಗಿಲಿಂದ ಗಾಜಿನ ಅಂಗಳ ಕಾಣುತ್ತಿರಲಿಲ್ಲ, ನಡುವೆ ಗೋದಾಮಿನ ಗೋಡೆ ಇತ್ತು. ಸದ್ದು ಮಾತ್ರ ಕೇಳುತ್ತಿತ್ತು.

ಅವನ ಲೆಕ್ಕ ತಪ್ಪಿದ್ದು ಇಲ್ಲಿ. ಗೋಕಾಕದಿಂದ ಬರಬೇಕಿದ್ದ ಬಸ್ಸು ಬರಲೇ ಇಲ್ಲ. ಆ ಆಟಗಳೆಲ್ಲ ಬಿಟ್ಟುಹೋಗಿ ಫೈನಲ್ಲು ಬೇಗ ಬಂತು. ಬಿಸಿಲೇರುವ ಮೊದಲೇ ಮುಗಿಸೋಣ ಎಂದು ಅರ್ಜುನ ಶುರು ಮಾಡಿಯೇಬಿಟ್ಟ. ನೇಮಣ್ಣ ಅದನ್ನು ಕಿವಿಯಿಂದಲೇ ತಿಳಿದುಕೊಂಡ. ಚೆಂಡು ಗಾಜಿಗೆ ಬಡಿಯುವ ಸದ್ದು, ಮಕ್ಕಳ ಕೂಗು, ಅದರ ನಡುವೆ ಮಯೂರಿಯ ದನಿ, "ನಂದು, ನಂದು, ಬಿಡು!" ಕಾಲು ಅತ್ತ ಎಳೆಯಿತು. ಆದರೆ ಸಂಘ ಬಸದಿಯಿಂದ ಹೊರಟಿತ್ತು. ಬಾಗಿಲು ಬಿಟ್ಟು ಹೋದ ಹೊತ್ತಿಗೇ ಅವಳು ಬಂದರೆ? ಆಟ ಇನ್ನೂ ನಡೆಯುತ್ತದೆ, ಇದು ಮುಗಿಸಿ ಓಡೋಣ ಎಂದುಕೊಂಡು ನಿಂತೇ ಇದ್ದ.

ಅವಳು ಬಂದಳು. ಆಹಾರಕ್ಕೆ ಹೊರಟವರ ರೀತಿಯಂತೆ ಬಲಗೈಯ ಬೆರಳು ಮಡಚಿ ಹೆಗಲಿಗಿಟ್ಟುಕೊಂಡು, ನೆಲ ನೋಡುತ್ತ, ಹೆದ್ದಾರಿಯ ಬದಿಯಿಂದ ಹೊಲದ ದಾರಿಗೆ ಇಳಿದಳು. ಜೊತೆಗೆ ಒಬ್ಬ ಬ್ರಹ್ಮಚಾರಿಣಿ. ಎಷ್ಟು ಬಡವಾಗಿದ್ದಳು! ಪಾದಗಳು ಒಡೆದಿದ್ದವು. ನೇಮಣ್ಣ ಕಳಶವನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದ.

"ಹೇ ಮಾತಾಜಿ, ವಂದಾಮಿ, ವಂದಾಮಿ, ವಂದಾಮಿ. ಅತ್ರ ಅತ್ರ, ತಿಷ್ಠ ತಿಷ್ಠ," ಎಂದು ಕೂಗಿದ. ಇಲ್ಲಿ ನಿಲ್ಲಿರಿ ಎಂದು ಬೇಡುವ ಮಾತು ಅದು. ಸಂಪ್ರದಾಯದ ಮಾತೇ ಆದರೂ ಅವನ ಬಾಯಲ್ಲಿ ಅದು ಎರಡು ವರ್ಷ ತಡವಾಗಿ ಬಂದಿತ್ತು.

ಅಷ್ಟರಲ್ಲಿ ಗೋದಾಮಿನ ಮೂಲೆಯಿಂದ ಮಯೂರಿ ಮತ್ತು ದೀಪಾ ಕೈ ಕೈ ಹಿಡಿದುಕೊಂಡು ಓಡಿ ಬಂದರು. ಬೆವರಿನಿಂದ ತೊಯ್ದು, ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು, ಮುಖ ಅರಳಿಸಿಕೊಂಡು. "ಪಪ್ಪಾ, ಗೆದ್ವಿ! ಗೆದ್ವಿ ಪಪ್ಪಾ!" ಮಯೂರಿ ಎರಡೂ ತೋಳು ಚಾಚಿದಳು. ಎರಡು ವರ್ಷದಲ್ಲಿ ಅವಳು ಅಪ್ಪನನ್ನು ತಬ್ಬಿಕೊಳ್ಳಲು ಬಂದದ್ದು ಅದೊಂದೇ ಸಲ. ಅವಳ ಹಿಂದೆ ದೀಪಾ.

"ಮುಟ್ಟಬ್ಯಾಡ್ರಿ! ದೂರ ನಿಲ್ರಿ!"

ನೇಮಣ್ಣ ಯೋಚಿಸಿ ಹೇಳಿದ್ದಲ್ಲ. ಮೈಯೇ ಹಿಂದೆ ಸರಿದಿತ್ತು, ಬಾಯಿ ತಾನಾಗಿ ಕೂಗಿತ್ತು. ಮಡಿಯಲ್ಲಿ ನಿಂತವರೆಲ್ಲ ಹೀಗೆಯೇ ಕೂಗುತ್ತಾರೆ. ಮಯೂರಿ ಗಕ್ಕನೆ ನಿಂತಳು, ತೋಳು ಇಳಿಸಿದಳು. ದೀಪಾ ಇನ್ನೂ ಮೂರು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದಳು. ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು, ಅಂಗಿಗೆ ಒರೆಸಿಕೊಂಡಳು. ಅವರ ಹಿಂದೆಯೇ ನಗುತ್ತ ಬರುತ್ತಿದ್ದ ಅರ್ಜುನ ಗೋದಾಮಿನ ಮೂಲೆಯಲ್ಲೇ ನಿಂತುಬಿಟ್ಟ. ಅವನ ಕೊರಳಲ್ಲಿ ಸೀಟಿ ತೂಗುತ್ತಿತ್ತು.

ಮಾತಾಜಿ ತಲೆ ಎತ್ತಿ ಬಾಗಿಲ ಕಡೆ ನೋಡಿದರು. ನಿಂತರು.

"ನಿಂತ್ರೋ ತಮ್ಮಾ, ನಿಂತ್ರು!" ಎಂದು ಜಿನ್ನವ್ವ ಹಿಂದಿನಿಂದ ಪಿಸುಗುಟ್ಟಿದಳು, ಅವಳ ಕಣ್ಣಲ್ಲಿ ನೀರು.

ಇನ್ನು ಹಿಂದೆ ತಿರುಗುವ ಹಾಗಿರಲಿಲ್ಲ. ನೇಮಣ್ಣ ಮೂರು ಸುತ್ತು ಪ್ರದಕ್ಷಿಣೆ ಹಾಕಿದ. ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಆಹಾರ ನೀರು ಶುದ್ಧ ಎಂದು ಹೇಳಿದ. ಮಾತು ಶುದ್ಧ ಎನ್ನುವಾಗ ನಾಲಿಗೆ ತೊಡರಿತು. ಒಳಗೆ ಮಾತಾಜಿ ಹಲಗೆಯ ಮೇಲೆ ಕೂತು ಎರಡೂ ಕೈ ಜೋಡಿಸಿ ಬೊಗಸೆ ಮಾಡಿದರು. ಅವನು ನೀರು ಹಾಕಿದ, ಹಾಲು ಹಾಕಿದ, ತುಪ್ಪ ಕಲೆಸಿದ ಅನ್ನದ ತುತ್ತು ಇಟ್ಟ. ಆ ಅಂಗೈಯ ಗೆರೆಗಳು ಅವನಿಗೆ ಗೊತ್ತಿದ್ದವು. ಅವರು ತುತ್ತನ್ನಷ್ಟೇ ನೋಡಿದರು, ಬೆರಳಿಂದ ಬಿಡಿಸಿ ಕೂದಲು ಕಸ ಇದೆಯೇ ಎಂದು ನೋಡಿದರು, ಉಂಡರು. ಕೊಟ್ಟವನು ಯಾರೆಂದು ನೋಡಲಿಲ್ಲ. ನೋಡಬಾರದು, ಅದೇ ಅವರ ವ್ರತ. ಅವರು ಒಂದು ತಪ್ಪನ್ನೂ ಮಾಡಲಿಲ್ಲ. ಆದರೆ ನೇಮಣ್ಣನಿಗೆ ಖಾಲಿ ಮನೆಯಲ್ಲಿ ಒಬ್ಬನೇ ಉಂಡಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಆಹಾರ ಮುಗಿಯಿತು. ಪಿಂಛಿ ಎತ್ತಿ ಅವನನ್ನೂ ಜಿನ್ನವ್ವನನ್ನೂ ಒಂದೇ ರೀತಿ ಆಶೀರ್ವದಿಸಿ ಮಾತಾಜಿ ಬಸದಿಯ ಕಡೆ ನಡೆದರು.

ಜಿನ್ನವ್ವ ಬ್ರಹ್ಮಚಾರಿಣಿಯನ್ನು ತಡೆದು ಏನೋ ಕೇಳಿ ಓಡಿ ಬಂದಳು. "ತಮ್ಮಾ, ಇವತ್ತಿನ ಗುರುತು ಏನಂತ ಗೊತ್ತೇನು? ಬಾಗಿಲ ಮುಂದ ಇಬ್ಬರು ಹುಡುಗ್ಯಾರು ನಿಂತಿರಬೇಕಂತ. ಯಾರ ಬಾಗಿಲದಾಗೂ ಇರಲಿಲ್ಲಂತ. ನಮ್ಮ ಮಯೂರಿ, ಆ ದೀಪಾ, ಇಬ್ಬರೂ ಎಂಥಾ ಹೊತ್ತಿಗೆ ಬಂದು ನಿಂತ್ರು ನೋಡು!"

ನೇಮಣ್ಣ ದೂರ ನಿಲ್ಲಿ ಎಂದು ಕೂಗಿದ್ದ ಹುಡುಗಿಯರಿಂದಲೇ ಅವನಿಗೆ ಆ ತುತ್ತು ದಕ್ಕಿತ್ತು. ಉಟ್ಟ ಧೋತರದಲ್ಲೇ ಗಾಜಿನ ಅಂಗಳಕ್ಕೆ ಓಡಿದ.

ಅಲ್ಲಿ ಮಕ್ಕಳೆಲ್ಲ ಸಾಲಾಗಿ ನೆಲದ ಮೇಲೆ ಕೂತಿದ್ದರು. ಬಹುಮಾನ ಕೊಡುವವನು ಬರಲಿ ಎಂದು ಕಾಯುತ್ತಿದ್ದರು. ಅರ್ಜುನ ನೆಟ್ಟು ಬಿಚ್ಚುತ್ತಿದ್ದ.

"ಅರ್ಜುನಾ, ನೀ ತಪ್ಪು ತಿಳೀಬ್ಯಾಡೋ," ಎಂದ ನೇಮಣ್ಣ ಏದುಸಿರು ಬಿಡುತ್ತ. "ನಾ ಚೌಕಾದಾಗ ಇದ್ದೆ. ಯಾರ ಬಂದಿದ್ರೂ ಹಂಗ ಅಂತಿದ್ದೆ. ಸ್ವಂತ ಮಗಳಿಗೂ ಅಂದ್ನಿ, ನೋಡಿದ್ಯಲ್ಲ."

"ಗೊತ್ತೈತ್ರಿ," ಎಂದ ಅರ್ಜುನ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಮಡಿ ನನಗ ತಿಳೀತೈತಿ. ನಮ್ಮಪ್ಪಗ ಈ ಮಾತು ದಿನಾ ಅಂತಿದ್ರು. ನನಗೂ ಸಣ್ಣಾಂವ ಇದ್ದಾಗ ಅಂದಾರ. ದೀಪಾಗ ಯಾರೂ ಅಂದಿರಲಿಲ್ರಿ, ಅಕಿ ಕಿವಿಗೆ ಬೀಳದಂಗ ಇಷ್ಟ ದಿನ ಕಾಯ್ಕೊಂಡು ಬಂದಿದ್ದೆ. ಈಗ 'ಅಪ್ಪಾ, ಕಾಕಾ ಯಾಕ ಹಂಗಂದ್ರು' ಅಂತ ಕೇಳಾಕತ್ತಾಳ. ಇದು ಆ ಮಾತಲ್ಲವ್ವಾ, ಬ್ಯಾರೇ ಮಾತು ಅಂತ ಹೇಳ್ಬೇಕಂದ್ರ, ಆ ಮಾತು ಯಾವುದು ಅಂತ ಮೊದಲ ಹೇಳ್ಬೇಕಾಗ್ತೈತ್ರಿ."

ನೇಮಣ್ಣನಿಗೆ ಗೆಳೆಯನ ಹೆಗಲ ಮೇಲೆ ಕೈ ಇಡಬೇಕೆನಿಸಿತು. ಇನ್ನೂ ಮಡಿ ಧೋತರದಲ್ಲೇ ಇದ್ದೇನೆ ಎಂದು ನೆನಪಾಗಿ ನಾಚಿಕೆಯಾಯಿತು, ಎತ್ತಿದ ಕೈ ಅರ್ಧಕ್ಕೇ ನಿಂತಿತು. ಅರ್ಜುನ ನೆಟ್ಟು ಸುತ್ತಿಕೊಂಡು, "ಬಹುಮಾನ ಕೊಟ್ಟುಬಿಡ್ರಿ, ಹುಡುಗರಿಗೆ ಹಸಿವಾಗೇತಿ," ಎಂದ.

ಸಣ್ಣವರ ಬಹುಮಾನಗಳಾದವು. ಕೊನೆಗೆ ಮಯೂರಿ, ದೀಪಾರ ಹೆಸರು ಕರೆದರು. ಇಬ್ಬರೂ ಕೈ ಹಿಡಿದುಕೊಂಡೇ ಬಂದು ಎದುರಿಗೆ ನಿಂತರು, ಅವನಿಂದ ನಾಲ್ಕು ಹೆಜ್ಜೆ ದೂರ. ನೇಮಣ್ಣ ದೊಡ್ಡ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚಿದ.

"ಬರ್ರಿ ನನ್ನವ್ವಂದಿರಾ, ತಗೋರ್ರಿ. ದೀಪಾ, ನೀನೂ ಬಾರವ್ವಾ. ನಿಮ್ಮಿಂದ ಅವರು ನಿಂತ್ರು ಇವತ್ತು."

ದೀಪಾ ನೆಲ ನೋಡಿದಳು. ಮಯೂರಿ ಗೆಳತಿಯ ಕೈ ಬಿಡಲಿಲ್ಲ.

"ಅಲ್ಲೇ ಕುರ್ಚಿ ಮ್ಯಾಲ ಇಡು ಪಪ್ಪಾ," ಎಂದಳು ಮೆಲ್ಲಗೆ. "ನಾವ ತಗೋತೀವಿ."

ಅವನು ಕಪ್ಪನ್ನು ಕುರ್ಚಿಯ ಮೇಲಿಟ್ಟ. ಯಾರೂ ಹೇಳದಿದ್ದರೂ ಹಿಂದಕ್ಕೆ ಸರಿದು ನಿಂತ. ಹುಡುಗಿಯರು ಬಂದು ಎರಡು ಕಡೆಯಿಂದ ಹಿಡಿದು ಎತ್ತಿದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು, ನೇಮಣ್ಣನೂ ದೂರ ನಿಂತು ತಟ್ಟಿದ.